ನಲವತ್ತೊಂದನೆಯ ಕಲಮಿನ ಫ್ಯಾಮಿಲಿ

ಚಾಮರಾಜಪೇಟೆಯ ಐದನೇ ಮೇನ್ ರೋಡಿನಲ್ಲಿ ಪುನರ್ವಸು ಇಂಕ್ಸ್ ಪ್ರೈವೇಟ್ ಲಿಮಿಟೆಡ್ ಎಂದೊಂದು ಕಂಪನಿ ಇತ್ತು. ಹೆಸರು ಕೇಳಿ ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ಕೆಳಗಡೆ ನಾಲ್ಕು ಹಂಡೆ, ಸೀಸೆ ತುಂಬುವ ಎಂಟು ಜನ ಹೆಂಗಸರು, ಮೂಲೆಯಲ್ಲೊಂದು ಆಫೀಸು. ಮೇಲೆ ಮಹಡಿಯ ಮನೆಯಲ್ಲಿ ಕಂಪನಿ ಕಟ್ಟಿದ ದೊಡ್ಡಬೈರಪ್ಪನವರೂ ಅವರ ಹೆಂಡತಿ ಲಕ್ಷ್ಮೀದೇವಮ್ಮನವರೂ ಇದ್ದರು. ಅವರಿಗೆ ಮಕ್ಕಳಿರಲಿಲ್ಲ. ದೇವನಹಳ್ಳಿ ಕಡೆಯಿಂದ ಬಂದು, ಸೈಕಲ್ಲಿನ ಮೇಲೆ ಇಂಕು ಮಾರಿ, ಕೊನೆಗೆ ಜಾಗ ಕೊಂಡು ಕಾರ್ಖಾನೆ ಕಟ್ಟಿದ ಗಟ್ಟಿಗ ಆತ. ಯಾರೋ ಬುದ್ಧಿವಂತರು ಹೇಳಿದರೆಂದು ಕಾರ್ಖಾನೆ, ಜಾಗ, ಮಹಡಿ ಮನೆ ಎಲ್ಲವನ್ನೂ ಕಂಪನಿಯ ಹೆಸರಿಗೇ ಬರೆದುಬಿಟ್ಟಿದ್ದರು. ಹಾಗಾಗಿ ತಾವೇ ಕಟ್ಟಿಸಿದ ಮನೆಯಲ್ಲಿ ಆತ ಇದ್ದದ್ದು ಮಾಲೀಕರಾಗಿ ಅಲ್ಲ, ಕಂಪನಿಯ ಖಾಯಂ ಡೈರೆಕ್ಟರಾಗಿ. ಖಾಯಂ ಡೈರೆಕ್ಟರ್ ಯಾರೋ ಮಹಡಿ ಅವರದು ಎಂದು ಕಂಪನಿಯ ಆರ್ಟಿಕಲ್ಸ್ ಪುಸ್ತಕದಲ್ಲಿ ಅಚ್ಚಾಗಿತ್ತು.

ಈ ಪುಸ್ತಕವೇ ಲಕ್ಷ್ಮಯ್ಯನ ಹೆಮ್ಮೆ. ಆತ ಆ ಆಫೀಸಿನ ಟೈಪಿಸ್ಟು, ಗುಮಾಸ್ತ, ಎಲ್ಲ. ಅಪ್ಪ ಮಿಲ್ಲಿನಲ್ಲಿ ದುಡಿದು ಸವೆದವನು. ಅವರ ವಂಶದಲ್ಲಿ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತವರಲ್ಲಿ ಲಕ್ಷ್ಮಯ್ಯನೇ ಮೊದಲಿಗ. ಕಂಪನಿಯ ಆಡಳಿತ ಹೇಗೆ ನಡೆಯಬೇಕೆಂದು ಕಲಮು ಕಲಮಾಗಿ ಹೇಳುವ ಆ ಪುಸ್ತಕದಲ್ಲಿ ಏನಾದರೂ ತಿದ್ದುಪಡಿಯಾದರೆ ಇರುವ ಅಷ್ಟೂ ಪ್ರತಿಗಳಲ್ಲಿ ಅದು ಕಾಣಬೇಕು, ಕಾನೂನು ಹಾಗಿದೆ. ಹೊಸದಾಗಿ ಅಚ್ಚು ಹಾಕಿಸುವಷ್ಟು ದೊಡ್ಡ ಕೈ ದೊಡ್ಡಬೈರಪ್ಪನವರದಲ್ಲ. ಆದ್ದರಿಂದ ಲಕ್ಷ್ಮಯ್ಯ ಹೊಸ ಕಲಮನ್ನು ತೆಳು ಕಾಗದದ ಮೇಲೆ ಟೈಪು ಮಾಡಿ, ಕತ್ತರಿಯಲ್ಲಿ ಅಂಚು ನೀಟಾಗಿ ಕತ್ತರಿಸಿ, ಹಳೆಯದರ ಮೇಲೆ ಅಂಟಿಸುತ್ತಿದ್ದ. ಅಂಟು ಅವನೇ ಮನೆಯಲ್ಲಿ ಕಾಯಿಸಿ ತಂದ ಮೈದಾ ಅಂಟು, ಹುಳ ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಹಾಕಿದ್ದು. ಇಪ್ಪತ್ತನಾಲ್ಕು ಪ್ರತಿ; ಒಂದರಲ್ಲೂ ಚೀಟಿ ಸೊಟ್ಟಗಿರುತ್ತಿರಲಿಲ್ಲ. ಬಸವನಗುಡಿಯಲ್ಲಿದ್ದ ಕಂಪನಿಯ ವಕೀಲರು ರೇವಣಸಿದ್ದಯ್ಯನವರು, ಬೈಗುಳ ಬಿಟ್ಟು ಬೇರೇನೂ ಬಾಯಿಗೆ ಬಾರದ ಆಸಾಮಿ, ಅವರೇ ಒಮ್ಮೆ ಪುಸ್ತಕ ತಿರುವಿ ಹಾಕಿ “ನಿನ್ನ ಕೈಗೆ ಬಂಗಾರದ ಬಳೆ ತೊಡಿಸ್ಬೇಕು ಕಣಯ್ಯ” ಎಂದಿದ್ದರು. ಆ ಮಾತನ್ನು ಲಕ್ಷ್ಮಯ್ಯ ಹೆಂಡತಿಯ ಹತ್ತಿರ ಎಷ್ಟು ಸಲ ಹೇಳಿದನೆಂದರೆ, ಆಕೆಯೇ ಅವನಿಗಿಂತ ಮುಂಚೆ ಮುಗಿಸಿಬಿಡುತ್ತಿದ್ದಳು.

ಇನ್ನೊಂದು ಮಾತು ಅವನು ಯಾರಿಗೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಲಕ್ಷ್ಮೀದೇವಮ್ಮನವರು ಮಹಡಿಗೆ ಕರೆದು ಕಾಫಿ ಕೊಟ್ಟಿದ್ದರು. ಅವನು ರೂಢಿಯಂತೆ ಮೆಟ್ಟಿಲ ಹತ್ತಿರವೇ ನಿಂತು ಕುಡಿದು, ಲೋಟ ತೊಳೆದಿಡಲು ನಲ್ಲಿ ಹುಡುಕತೊಡಗಿದ. ಆಕೆ ಲೋಟವನ್ನು ಕೈಯಿಂದ ಕಿತ್ತುಕೊಂಡು, “ನಮ್ಮನೇಲಿ ಹಂಗೆಲ್ಲ ಇಲ್ಲಪ್ಪ. ನಾಳೆಯಿಂದ ಕೂತ್ಕೊಂಡು ಕುಡಿ,” ಎಂದರು. ಅಷ್ಟೇ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಲಕ್ಷ್ಮಯ್ಯನಿಗೆ ಆ ಮಾತನ್ನು ಬೇರೆ ಯಾರೂ ಹೇಳಿರಲಿಲ್ಲ. ಅವತ್ತಿನಿಂದ ಆ ಹೆಂಗಸಿಗಾಗಿ ಏನು ಬೇಕಾದರೂ ಮಾಡುವೆನೆಂದುಕೊಂಡಿದ್ದ.

ಎಪ್ಪತ್ತಮೂರರಲ್ಲಿ ಒಂದು ಮಧ್ಯಾಹ್ನ ದೊಡ್ಡಬೈರಪ್ಪನವರು ಊಟ ಮುಗಿಸಿ, ಅಡಕೆ ಬಾಯಿಗೆ ಹಾಕಿಕೊಂಡು ಆಫೀಸಿಗೆ ಇಳಿದು ಬಂದರು.

“ಲಕ್ಷ್ಮಯ್ಯ, ನಲವತ್ತೊಂದನೇ ಕಲಮು ತೆಗಿ. ನಾನು ಇರೋಗಂಟ ನಾನೇ ಖಾಯಂ ಡೈರೆಕ್ಟ್ರು ಅಂತ ಐತೆ, ಅಲ್ವಾ? ಆಮ್ಯಾಕೆ ಯಾರು ಅಂತ ಇಲ್ಲ. ನಾನು ಹೋದ್ಮ್ಯಾಲೆ ನನ್ ಜಾಗಕ್ಕೆ ನಮ್ ಫ್ಯಾಮಿಲಿ ಬರ್ಬೇಕು ಕಣಯ್ಯ. ಹಂಗಂತ ಸೇರ್ಸು.”

ನಮ್ಮ ಊರಿನಲ್ಲಿ ‘ಫ್ಯಾಮಿಲಿ’ ಎಂದರೆ ಯಾರೆಂದು ಬಿಡಿಸಿ ಹೇಳಬೇಕೆ? ಹೆಂಡತಿ ಎನ್ನುವುದು ಒರಟು, ಹೆಸರು ಹಿಡಿದು ಹೇಳುವುದು ನಾಚಿಕೆಗೇಡು. ಆದ್ದರಿಂದ ಮರ್ಯಾದಸ್ಥ ಗಂಡಸರೆಲ್ಲ ‘ಇವರು ನಮ್ಮ ಫ್ಯಾಮಿಲಿ’ ಎಂದು ಪರಿಚಯ ಮಾಡಿಕೊಡುತ್ತಾರೆ. ‘ಫ್ಯಾಮಿಲಿ ಊರಿಗೆ ಹೋಗಿದಾರೆ, ಹೋಟ್ಲೂಟ’ ಎಂದು ಬೆಣ್ಣೆ ದೋಸೆಯ ಮುಂದೆ ಗೋಳಾಡುತ್ತಾರೆ. ಇಂಗ್ಲಿಷರು ಬಿಟ್ಟು ಹೋದ ಪದವನ್ನು ನಾವು ಒಗೆದು ಇಸ್ತ್ರಿ ಮಾಡಿ ನಮ್ಮ ಅಳತೆಗೆ ಹೊಲಿಸಿಕೊಂಡೆವು. ಲಕ್ಷ್ಮಯ್ಯನೂ ಅದನ್ನೇ ತೊಟ್ಟು ಬೆಳೆದವನು. ಯಜಮಾನರ ಬಾಯಿಂದಲೇ ಇಂಗ್ಲಿಷ್ ಪದ ಉದುರಿದಾಗ ಅವನಿಗೆ ಅರ್ಧ ಕೆಲಸ ಮುಗಿದಂತಾಯಿತು. ‘ವೈಫ್’ ಎಂದು ಬಡಿಯಬಹುದೆಂದು ಒಂದು ಗಳಿಗೆ ಹೊಳೆಯಿತು ನಿಜ. ಆದರೆ ಅಮ್ಮನವರನ್ನು ಇಪ್ಪತ್ತನಾಲ್ಕು ಪುಸ್ತಕಗಳಲ್ಲಿ ಹಾಗೆ ಬತ್ತಲೆಯಾಗಿ ‘ವೈಫ್’ ಎನ್ನಲು ಬೆರಳು ಒಪ್ಪಲಿಲ್ಲ. ರೇವಣಸಿದ್ದಯ್ಯನವರು ಕಾಶಿಗೆ ಹೋಗಿದ್ದರು. ಅವನೇ ಧೈರ್ಯವಾಗಿ ‘ಹಿಸ್ ಫ್ಯಾಮಿಲಿ’ ಎಂದು ಟೈಪು ಮಾಡಿದ.

ಮಿಕ್ಕದ್ದೆಲ್ಲ ಅಚ್ಚುಕಟ್ಟು. ಸಭೆ ಸೇರಿತು, ನಿರ್ಣಯವಾಯಿತು, ರಿಜಿಸ್ಟ್ರಾರ್ ಕಚೇರಿಗೆ ಹೊತ್ತಿಗೆ ಸರಿಯಾಗಿ ಕಾಗದ ಹೋಯಿತು. ಇಪ್ಪತ್ತನಾಲ್ಕು ಚೀಟಿ ಅಂಟಿಸಿ, ಮೇಲೆ ಇಂಕಿನ ಹಂಡೆಯ ಮುಚ್ಚಳ ಹೇರಿ ಒಣಗಿಸಿದ್ದೂ ಆಯಿತು.

ಎಪ್ಪತ್ತೊಂಬತ್ತರ ಜೂನಿನಲ್ಲಿ ದೊಡ್ಡಬೈರಪ್ಪನವರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಗಿ, ಮಾತು ನಿಂತಿತು. ಬಸವನಗುಡಿಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಸಹಿ ಹಾಕುವವರೇ ಮಲಗಿದ ಮೇಲೆ ಬ್ಯಾಂಕಿನವರು ಬಿಟ್ಟಾರೆಯೆ? ಇವತ್ತಿನವರೆಗಿನ ತಿದ್ದುಪಡಿಗಳೆಲ್ಲ ಇರುವ ಆರ್ಟಿಕಲ್ಸ್ ಪ್ರತಿಯೊಂದನ್ನು ವಕೀಲರಿಂದ ದೃಢೀಕರಿಸಿ ತನ್ನಿ ಎಂದರು. ಲಕ್ಷ್ಮಯ್ಯ ಇರುವುದರಲ್ಲೇ ಚೊಕ್ಕಟವಾದ ಪ್ರತಿ ಆರಿಸಿ, ಪೇಪರಿನಲ್ಲಿ ಸುತ್ತಿಕೊಂಡು ರೇವಣಸಿದ್ದಯ್ಯನವರ ಮನೆಗೆ ಹೋದ.

ವಕೀಲರು ಕನ್ನಡಕ ಮೂಗಿನ ತುದಿಗೆ ಜಾರಿಸಿ, ಒಂದೊಂದು ಚೀಟಿಯ ಮೇಲೂ ಬೆರಳಾಡಿಸುತ್ತ ಬಂದರು. ನಲವತ್ತೊಂದರ ಮೇಲೆ ಬೆರಳು ನಿಂತಿತು.

“ಇದೇನಯ್ಯ? ಫ್ಯಾಮಿಲಿ ಅಂದ್ರೆ ಯಾರು?”

“ಅಮ್ಮಾವ್ರು ಸಾರ್.”

“ಯಾವ ಅಮ್ಮಾವ್ರು? ಎಲ್ಲಿ ಬರ್ದಿದೀಯ?”

“ಫ್ಯಾಮಿಲಿ ಅಂತ ಇದೆಯಲ್ಲ ಸಾರ್...”

ರೇವಣಸಿದ್ದಯ್ಯನವರು ಬೈಯಲಿಲ್ಲ. ಲಕ್ಷ್ಮಯ್ಯನಿಗೆ ಹೆದರಿಕೆಯಾದದ್ದು ಅದಕ್ಕೇ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಸಣ್ಣ ದನಿಯಲ್ಲಿ ಹೇಳಿದರು: “ಲಕ್ಷ್ಮಯ್ಯ, ಇದು ಇಂಗ್ಲಿಷು. ಇದ್ರಲ್ಲಿ ಫ್ಯಾಮಿಲಿ ಅಂದ್ರೆ ಮನೆ ಮಂದಿ ಎಲ್ಲ. ತಮ್ಮ, ತಮ್ಮನ ಮಕ್ಳು, ಎಲ್ಲಾರೂ. ಅಷ್ಟು ಜನದಲ್ಲಿ ಯಾರು ಅಂತ ತೀರ್ಮಾನ ಮಾಡೋರು ಮಿಕ್ಕ ಡೈರೆಕ್ಟರುಗಳು. ಮಿಕ್ಕ ಡೈರೆಕ್ಟರು ಯಾರು?”

ಮಿಕ್ಕ ಡೈರೆಕ್ಟರು ದೊಡ್ಡಬೈರಪ್ಪನವರ ತಮ್ಮ ಮುನಿರಾಮಪ್ಪ, ಮತ್ತೆ ಆ ಮುನಿರಾಮಪ್ಪನ ಭಾವಮೈದ. ತರಗುಪೇಟೆಯಲ್ಲಿ ಬೇಳೆ ಮಂಡಿ ಇಟ್ಟಿದ್ದ ಮುನಿರಾಮಪ್ಪನಿಗೆ ಇಂಕಿನ ಮೇಲೆ ಎಳ್ಳಷ್ಟೂ ಆಸೆಯಿರಲಿಲ್ಲ. ಆ ಜಾಗದ ಮೇಲೆ ಇತ್ತು. ಕಾರ್ಖಾನೆ ಒಡೆದು ಅಂಗಡಿ ಸಾಲು ಕಟ್ಟಿಸಬೇಕೆಂದು ಅಣ್ಣನ ಹತ್ತಿರ ನಾಲ್ಕು ಸಲ ಕೇಳಿ ನಾಲ್ಕು ಸಲವೂ ಬೈಸಿಕೊಂಡಿದ್ದ.

ಲಕ್ಷ್ಮಯ್ಯ ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡ. “ಯಜಮಾನ್ರ ಷೇರು ಅಮ್ಮಾವ್ರಿಗೆ ಬರುತ್ತಲ್ಲ ಸಾರ್?”

“ಬರುತ್ತೆ. ಆದ್ರೆ ರಿಜಿಸ್ಟರಿನಲ್ಲಿ ಹೆಸ್ರು ಹತ್ತಿಸೋರೂ ಅದೇ ಇಬ್ರು. ಆಗಲ್ಲ ಅಂದ್ರೆ ಕೋರ್ಟು. ಅಲ್ಲಿ ಹತ್ತು ವರ್ಷ. ಅಲ್ಲೀಗಂಟ ಆಯಮ್ಮ ಎಲ್ಲಿರ್ತಾರೆ?”

ದಾರಿ ಒಂದೇ ಇತ್ತು. ನೂರಕ್ಕೆ ಎಂಬತ್ತು ಷೇರು ದೊಡ್ಡಬೈರಪ್ಪನವರದೇ. ಖಾಯಂ ಡೈರೆಕ್ಟರು ಒಬ್ಬರೇ ಸಭೆ ಕರೆಯಬಹುದೆಂದು ಪುಸ್ತಕದಲ್ಲಿತ್ತು. ಸಭೆ ಕರೆದು, ‘ಫ್ಯಾಮಿಲಿ’ ತೆಗೆದು ‘ಪತ್ನಿ ಲಕ್ಷ್ಮೀದೇವಮ್ಮ’ ಎಂದು ಸೇರಿಸಿದರೆ ಮುಗಿಯಿತು. ಆತ ಬರಲಾಗದಿದ್ದರೆ, ತನ್ನ ಪರವಾಗಿ ಇನ್ನೊಬ್ಬರು ಓಟು ಹಾಕಲೆಂದು ಹೆಬ್ಬೆಟ್ಟೊತ್ತಿದ ಪ್ರಾಕ್ಸಿ ಕಾಗದ ಸಾಕು. ಆದರೆ ಸಭೆಗೆ ಇಪ್ಪತ್ತೊಂದು ದಿನದ ನೋಟಿಸು ಕೊಡಲೇಬೇಕು. ಅಂಚೆಯ ದಿನಗಳು ಬೇರೆ. ಅದಕ್ಕೂ ಮುಂಚೆ ಸೇರಬೇಕಾದರೆ ಮುನಿರಾಮಪ್ಪ ಒಪ್ಪಬೇಕು. ಜುಲೈ ಮೂರನೇ ತಾರೀಕು ನೋಟಿಸು ಅಂಚೆಗೆ ಬಿದ್ದರೆ ಇಪ್ಪತ್ತೇಳನೇ ತಾರೀಕು ಶುಕ್ರವಾರ ಸಭೆ.

“ಅಲ್ಲೀಗಂಟ ಉಸಿರಾಡ್ತಿದ್ರೆ ಸಾಕು,” ಎಂದರು ರೇವಣಸಿದ್ದಯ್ಯನವರು. “ಹೋದ್ರು ಅಂದ್ರೆ ಪ್ರಾಕ್ಸಿನೂ ಹೋಯ್ತು.”

ನರ್ಸಿಂಗ್ ಹೋಮಿನಲ್ಲಿ, ಡಾಕ್ಟರ ಎದುರಿಗೆ, ಲಕ್ಷ್ಮಯ್ಯ ನೋಟಿಸನ್ನು ಕನ್ನಡದಲ್ಲಿ ಓದಿ ಹೇಳಿದ. ತಪ್ಪು ತನ್ನದೆಂದೂ ಹೇಳಿದ. ದೊಡ್ಡಬೈರಪ್ಪನವರ ಕಣ್ಣು ಅವನ ಮುಖದ ಮೇಲೇ ಇತ್ತು.

“ಯಜಮಾನ್ರೇ, ಫ್ಯಾಮಿಲಿ ಅಂದ್ರೆ ಅಮ್ಮಾವ್ರೇ ಅಲ್ವಾ? ಹೌದು ಅಂದ್ರೆ ನನ್ ಕೈ ಹಿಸುಕಿ.”

ಎಡಗೈ ಅವನ ಬೆರಳನ್ನು ಹಿಡಿದ ಹಿಡಿತಕ್ಕೆ ಮೂಳೆ ನೊಂದಿತು. ಕಾಯಿಲೆ ಮನುಷ್ಯನಲ್ಲಿ ಅಷ್ಟು ಬಲವಿದೆಯೆಂದು ಯಾರೂ ಎಣಿಸಿರಲಿಲ್ಲ. ಡಾಕ್ಟರು ಸಾಕ್ಷಿ ಹಾಕಿದರು, ಎಡ ಹೆಬ್ಬೆಟ್ಟು ಬಿತ್ತು. ಲಕ್ಷ್ಮಯ್ಯ ಹೊರಗೆ ಬಂದು ಕಾಂಪೌಂಡಿನ ಗೋಡೆಗೆ ಮುಖ ಮಾಡಿ ಅತ್ತ.

ಅಮ್ಮನವರಿಗೆ ಅವನು ಹೇಳಲಿಲ್ಲ. ಗಂಡನ ಬಾಯಿಗೆ ಚಮಚದಲ್ಲಿ ಗಂಜಿ ಬಿಡುತ್ತ ಕೂತ ಹೆಂಗಸಿಗೆ, ‘ನೀವು ಮನೆ ಕಳಕೊಳ್ಳಬಹುದು, ನನ್ನಿಂದ’ ಎಂದು ಹೇಳುವುದು ಹೇಗೆ? ಇಪ್ಪತ್ತೇಳು ಕಳೆದುಬಿಟ್ಟರೆ ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದುಕೊಂಡ. ಹೇಡಿಯ ಲೆಕ್ಕಾಚಾರ ಅದು, ಅವನಿಗೂ ಗೊತ್ತಿತ್ತು.

ನೋಟಿಸು ತಲುಪಿದ ದಿನವೇ ಮುನಿರಾಮಪ್ಪ ಆಫೀಸಿಗೆ ಬಂದ. ಬಿಳೀ ಪಂಚೆ, ಬಾಯಲ್ಲಿ ಎಲೆಯಡಕೆ, ನಗುಮುಖ.

“ಏನ್ ಲಕ್ಷ್ಮಯ್ಯ, ನಮ್ಮಣ್ಣ ಮಾತಾಡ್ದೆ ಮಲಗಿದ್ರೂ ನೋಟಿಸು ಜೋರಾಗಿ ಮಾತಾಡ್ತೈತಲ್ಲ?”

ಲಕ್ಷ್ಮಯ್ಯ ಎದ್ದು ನಿಂತು ಕೈ ಮುಗಿದ. “ಬುದ್ಧಿ, ತಪ್ಪು ನಂದು. ನಾನು ಬರ್ದಿದ್ದು ತಪ್ಪಾಗಿದೆ. ನೀವೊಂದು ಒಪ್ಪಿಗೆ ಸಹಿ ಹಾಕಿದ್ರೆ ನಾಳೆನೇ ಸಭೆ ಮಾಡ್ಬೋದು. ನಿಮ್ ಅತ್ತಿಗೆಗೋಸ್ಕರ...”

“ಅಯ್ಯೋ, ಕಾನೂನು ಪ್ರಕಾರ ನಡೀಲಿ ಬಿಡಪ್ಪ. ಇಪ್ಪತ್ತೇಳಕ್ಕೆ ತಾನೆ? ಬರ್ತೀನಿ. ನಮ್ಮಣ್ಣ ಗಟ್ಟಿಮುಟ್ಟು, ಏನಾಗಲ್ಲ.” ಹೋಗುವಾಗ ಸೀಸೆ ತುಂಬುವ ಹೆಂಗಸರ ಮುಂದೆ ನಿಂತು, ಗೋಡೆಯಿಂದ ಗೋಡೆಗೆ ಕಣ್ಣಲ್ಲೇ ಅಳೆದುಕೊಂಡು ಹೋದ.

ಆಮೇಲಿನ ದಿನಗಳು ಲಕ್ಷ್ಮಯ್ಯನನ್ನು ಹಿಂಡಿ ಹಾಕಿಬಿಟ್ಟವು. ಬೆಳಿಗ್ಗೆ ಆಫೀಸಿಗೆ ಮುಂಚೆ ನರ್ಸಿಂಗ್ ಹೋಮು, ಸಾಯಂಕಾಲ ಮತ್ತೆ. ಹೊದಿಕೆ ಏರಿಳಿಯುತ್ತಿದೆಯೇ ಎಂದು ಬಾಗಿಲಿಂದಲೇ ನೋಡುವುದು, ನರ್ಸಮ್ಮನನ್ನು ಜ್ವರ ಎಷ್ಟೆಂದು ಕೇಳುವುದು. ಹನುಮಂತನಗರದ ಗುಡ್ಡ ಹತ್ತಿ ಹರಕೆ ಹೊತ್ತ. ಮಾಂಸ ಬಿಟ್ಟ. ಕನ್ನಡಿ ಮುಂದೆ ನಿಂತರೆ ಗಡ್ಡದ ಹಿಂದೆ ಬೇರೆ ಯಾರೋ ಕಾಣುತ್ತಿದ್ದರು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಗುತ್ತಿದ್ದದ್ದು ಒಂದು ವಿಷಯಕ್ಕೆ: ಯಜಮಾನರು ಗುಣವಾಗಲಿ ಎಂದು ಅವನು ಬೇಡುತ್ತಿರಲಿಲ್ಲ. ಇಪ್ಪತ್ತೇಳರವರೆಗೆ ಇರಲಿ ಎಂದಷ್ಟೇ ಬೇಡುತ್ತಿದ್ದ. ಒಂದು ಸಲ ದೇವರ ಮುಂದೆ ‘ಶುಕ್ರವಾರ ಮಧ್ಯಾಹ್ನ ಹನ್ನೆರಡರವರೆಗೆ’ ಎಂದು ಬಾಯಿಬಿಟ್ಟು ಅಂದುಬಿಟ್ಟಾಗ, ಪಕ್ಕದಲ್ಲಿದ್ದ ಮುದುಕಿ ತಿರುಗಿ ನೋಡಿದಳು.

“ನಮ್ ಹೊಟ್ಟೇಲಿ ಹುಟ್ಟಿದ್ರೂ ಇಷ್ಟು ಮಾಡ್ತಿರ್ಲಿಲ್ಲ ಲಕ್ಷ್ಮಯ್ಯ,” ಎಂದರು ಲಕ್ಷ್ಮೀದೇವಮ್ಮ ಒಂದು ಸಾಯಂಕಾಲ. ಅವನು ಗಂಜಿಯ ಲೋಟ ಎತ್ತಿಕೊಂಡು ನಲ್ಲಿಯ ಕಡೆ ನಡೆದ.

ಇಪ್ಪತ್ತನೇ ತಾರೀಕು ಕಳೆಯಿತು. ಆ ವಾರವೇ ಭೀಮನ ಅಮಾವಾಸ್ಯೆ ಬಂತು. ಲಕ್ಷ್ಮೀದೇವಮ್ಮನವರು ನರ್ಸಿಂಗ್ ಹೋಮಿನ ಮಂಚದ ಹತ್ತಿರವೇ ಗಂಡನ ಪಾದ ತೊಳೆದು, ಅರಿಸಿನ ಕುಂಕುಮ ಇಟ್ಟು, ಕಂಕಣ ಕಟ್ಟಿಕೊಂಡರು. ದೊಡ್ಡಬೈರಪ್ಪನವರು ಎಡಗೈಯಿಂದ ಆಕೆಯ ತಲೆ ಮುಟ್ಟಿದರು. ಇನ್ನು ಪರವಾಗಿಲ್ಲ ಎಂದರು ಡಾಕ್ಟರು. ಲಕ್ಷ್ಮಯ್ಯ ಅವತ್ತು ಮೊದಲ ಸಲ ಹೊಟ್ಟೆ ತುಂಬ ಉಂಡ. ಚೀಟಿಯನ್ನೂ ಟೈಪು ಮಾಡಿಟ್ಟ. ‘ಲಕ್ಷ್ಮೀದೇವಮ್ಮ’ ಎಂದು, ಒಂದೊಂದು ಅಕ್ಷರ ಕುಟ್ಟಿ.

ಬುಧವಾರ ಇಪ್ಪತ್ತೈದು, ಬೆಳಿಗ್ಗೆ ಎಂಟಕ್ಕೆ ಅವನು ಹೋದಾಗ ಮಂಚ ಖಾಲಿಯಾಗಿತ್ತು. ನರ್ಸಮ್ಮ ಹಾಸಿಗೆಯ ಬಟ್ಟೆ ಮಡಚುತ್ತಿದ್ದಳು. ಸಭೆಗೆ ಇನ್ನೆರಡೇ ದಿನವಿತ್ತು. ಲಕ್ಷ್ಮಯ್ಯನಿಗೆ ಅಳು ಬರಲಿಲ್ಲ. ಕೋಪ ಬಂತು. ಸತ್ತವರ ಮೇಲೆ, ದೇವರ ಮೇಲೆ, ಅಂಚೆಯ ಮೇಲೆ, ಇಪ್ಪತ್ತೊಂದು ಎಂದು ಬರೆದ ಯಾವನೋ ಕಾನೂನು ಪಂಡಿತನ ಮೇಲೆ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೆಯ ದಿನವೇ ಬೋರ್ಡ್ ಸಭೆ. ಮುನಿರಾಮಪ್ಪ, ಭಾವಮೈದ, ನಡುವೆ ಪುಸ್ತಕ. ಟಿಪ್ಪಣಿ ಬರೆದುಕೊಳ್ಳಲು ಲಕ್ಷ್ಮಯ್ಯ. ಹೊರಗೆ ಕಾರಿನ ಹಾರನ್ನು ಎರಡು ಸಲ ಆಯಿತು.

“ಬೇಗ ಮುಗಿಸ್ರಿ,” ಎಂದ ಮುನಿರಾಮಪ್ಪ. “ನಮ್ ಫ್ಯಾಮಿಲಿ ಕಾರಲ್ಲಿ ಕಾಯ್ತಾವ್ರೆ.”

ಲಕ್ಷ್ಮಯ್ಯನ ಪೆನ್ನು ನಿಂತಿತು. ಅವನಿಗೆ ಎಲ್ಲಿಂದ ಧೈರ್ಯ ಬಂತೋ. “ಬುದ್ಧಿ, ಕಾರಲ್ಲಿ ಯಾರಿದಾರೆ?”

“ಹೇಳಿದ್ನಲ್ಲಯ್ಯ, ಫ್ಯಾಮಿಲಿ.”

“ಎಷ್ಟು ಜನ ಬುದ್ಧಿ? ನಿಮ್ಮಣ್ಣನ ಹೆಂಡ್ತಿನೂ ಇದಾರಾ? ಮಕ್ಳು? ಭಾವಮೈದ ಇಲ್ಲೇ ಕೂತಿದಾರಲ್ಲ?”

ಭಾವಮೈದ ಮೇಜಿನ ಮೇಲಿನ ಇಂಕಿನ ಕಲೆಯನ್ನು ಉಗುರಿನಿಂದ ಕೆರೆಯತೊಡಗಿದ. ಅರ್ಥವಾಗದವರು ಅಲ್ಲಿ ಯಾರೂ ಇರಲಿಲ್ಲ. ಮುನಿರಾಮಪ್ಪನ ಮುಖ ಕೆಂಪಗಾಗಿ, ಮತ್ತೆ ನಿಧಾನವಾಗಿ ತಿಳಿಯಾಯಿತು.

“ಬಾಯ್ಮಾತು ಬ್ಯಾರೆ, ಪುಸ್ತಕ ಬ್ಯಾರೆ. ಪುಸ್ತಕ ಇಂಗ್ಲಿಷಲ್ಲೈತೆ. ನೀನೇ ಬರ್ದಿದ್ದು. ಬರ್ಕೋ ಈಗ.”

ಲಕ್ಷ್ಮಯ್ಯ ಕುರ್ಚಿ ಬಿಟ್ಟು ಇಳಿದು ಅವನ ಕಾಲು ಹಿಡಿದುಕೊಂಡ. ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತ ವಂಶದ ಮೊದಲಿಗ, ನೆಲದ ಮೇಲೆ, ಪಂಚೆಯ ಅಂಚು ಹಿಡಿದು ಗೋಗರೆದ. “ಮನೆ ಒಂದಾದ್ರೂ ಬಿಟ್ಕೊಡಿ ಬುದ್ಧಿ. ಆಯಮ್ಮ ಎಲ್ಲಿಗೆ ಹೋಗ್ತಾರೆ?” ಮುನಿರಾಮಪ್ಪ ಒದೆಯಲಿಲ್ಲ, ಬೈಯಲಿಲ್ಲ. ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, “ಎದ್ದೇಳು, ಬಟ್ಟೆ ಕೊಳೆಯಾಗ್ತದೆ” ಎಂದ. ಲಕ್ಷ್ಮಯ್ಯ ಎದ್ದ. ಮನೆಯಲ್ಲಿ ಮೂರು ಮಕ್ಕಳಿದ್ದವು. ಇನ್ನು ಮುಂದೆ ಖಾಯಂ ಡೈರೆಕ್ಟರು ಮುನಿರಾಮಪ್ಪ ಎಂದು ಬರೆದುಕೊಂಡ.

ಆಫೀಸಿನ ಆ ಕೆಲಸವನ್ನು ಅವನು ಹೆಚ್ಚು ದಿನ ಮಾಡಲಿಲ್ಲ. ಎಂಬತ್ತರಲ್ಲಿ ಕಾರ್ಖಾನೆ ಒಡೆದರು. ಅವನು ವೈಯಾಲಿಕಾವಲಿನಲ್ಲಿ ಬಾಡಿಗೆಗೆ ಒಂದು ಮೆಷಿನ್ ಇಟ್ಟುಕೊಂಡು ಜಾಬ್ ಟೈಪಿಂಗ್ ಮಾಡಿ ಜೀವನ ಸಾಗಿಸಿದ. ಒಳ್ಳೆಯ ಟೈಪಿಸ್ಟ್ ಎಂದೇ ಹೆಸರು. ಆದರೆ ಆ ಸಭೆಯ ದಿನ ಅವನ ಮುಂದೆ ಇನ್ನೂ ಒಂದು ಕೆಲಸ ಬಾಕಿ ಉಳಿದಿತ್ತು. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಅವನು ಮಹಡಿ ಹತ್ತಿದ.

ಲಕ್ಷ್ಮೀದೇವಮ್ಮನವರು ಗೋಡೆಗೆ ಒರಗಿ ಕೂತಿದ್ದರು. ತಿಂಗಳ ಕೊನೆಗೆ ಮನೆ ಬಿಡಬೇಕೆಂದು ಮೈದುನ ಹೇಳಿ ಕಳಿಸಿದ್ದು ಆಗಲೇ ಮುಟ್ಟಿತ್ತು. ಬೈಗುಳ, ಶಾಪ, ಯಾವುದಕ್ಕಾದರೂ ಲಕ್ಷ್ಮಯ್ಯ ತಯಾರಾಗಿಯೇ ಬಂದಿದ್ದ. ಆಕೆ ಒಂದೇ ಮಾತು ಕೇಳಿದರು.

“ಅವ್ರು ನನಗೇನೂ ಬರೆದಿಡ್ಲಿಲ್ವಾ ಲಕ್ಷ್ಮಯ್ಯ? ಬರೆಸಿದೀನಿ ಅಂತ ಹೇಳ್ತಿದ್ರು.”

“ಬರೆಸಿದ್ರು ಅಮ್ಮಾವ್ರೇ.”

“ಏನಂತ? ಓದು.”

ಅವನು ನಲವತ್ತೊಂದನೇ ಕಲಮು ತೆಗೆದ. ಇಂಗ್ಲಿಷನ್ನು ಒಂದೊಂದೇ ಮಾತಾಗಿ ಕನ್ನಡಕ್ಕೆ ತಿರುಗಿಸುತ್ತ ಓದಿದ: “ಶ್ರೀ ದೊಡ್ಡಬೈರಪ್ಪನವರ ಕಾಲಾನಂತರ ಅವರ ಜಾಗಕ್ಕೆ, ಅದರ ಎಲ್ಲ ಹಕ್ಕುಗಳ ಸಮೇತ, ಅವರ ಫ್ಯಾಮಿಲಿ ಬರತಕ್ಕದ್ದು.”

ಲಕ್ಷ್ಮೀದೇವಮ್ಮನವರ ಮುಖ ಒಂದೇ ಸಲಕ್ಕೆ ಬೆಳಗಿತು. ಹತ್ತು ದಿನದಿಂದ ಬತ್ತಿದ್ದ ಕಣ್ಣಲ್ಲಿ ನೀರು ತುಂಬಿತು. ಸೆರಗಿನಿಂದ ಒರೆಸಿಕೊಂಡು, ಮುಂದಕ್ಕೆ ಬಾಗಿ, ಓದು ಬಾರದ ಆಕೆ ಆ ಚೀಟಿಯ ಮೇಲೆ ಕೈಯಿಟ್ಟರು.

“ಮತ್ತೆ ಬರ್ದವ್ರಲ್ಲಪ್ಪ!” ಎಂದರು. “ನನ್ನೇ ತಾನೆ ಬರ್ದಿರೋದು? ಮತ್ಯಾಕೆ ನನ್ ಕಳಿಸ್ತಾವ್ರೆ?”